ಕಂದಕದಿಂದ ಹೊರಟ ನಾಲ್ವರು: ‘ಬ್ಲ್ಯಾಕ್‌ಆ್ಯಡರ್’ ಕೊನೆಯ ಸಂಚಿಕೆಯ ಸುತ್ತ ತಪ್ಪು ಕಲ್ಪನೆ ಮತ್ತು ವಾಸ್ತವ

1989ರ ನವೆಂಬರ್ 2, ಗುರುವಾರ ರಾತ್ರಿ. ಬಿಬಿಸಿಯ ಒಂದನೇ ವಾಹಿನಿಯಲ್ಲಿ ಅರ್ಧ ಗಂಟೆಯ ಹಾಸ್ಯ ಸಂಚಿಕೆಯೊಂದು ಪ್ರಸಾರವಾಯಿತು. ‘ಬ್ಲ್ಯಾಕ್‌ಆ್ಯಡರ್ ಗೋಸ್ ಫೋರ್ತ್’ ಸರಣಿಯ ಆರನೆಯ ಮತ್ತು ಕೊನೆಯ ಕಂತು, ಹೆಸರು ‘ಗುಡ್‌ಬೈಈ’. ಕಾಲ 1917. ಬೆಳಗಾದರೆ ದೊಡ್ಡ ದಾಳಿಗೆ ಹೊರಡಬೇಕೆಂದು ಕಂದಕಕ್ಕೆ ಆದೇಶ ಬರುತ್ತದೆ. ಕ್ಯಾಪ್ಟನ್ ಬ್ಲ್ಯಾಕ್‌ಆ್ಯಡರ್ ತಲೆಗೆ ಒಳಚಡ್ಡಿ ಹಾಕಿಕೊಂಡು, ಮೂಗಿನ ಎರಡೂ ಹೊಳ್ಳೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹುಚ್ಚು ಹಿಡಿದವನಂತೆ ನಟಿಸಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ಅದು ಫಲಿಸುವುದಿಲ್ಲ. ಹಳೆಯ ಉಪಕಾರವೊಂದನ್ನು ನೆನಪಿಸಿ ಸೇನಾಪತಿ ಹೇಗ್‌ಗೇ ಫೋನ್ ಮಾಡುತ್ತಾನೆ. ಹೇಗ್ ಆ ಹೊತ್ತಿನಲ್ಲಿ ನಕ್ಷೆಯ ಮೇಲೆ ಉರುಳಿಬಿದ್ದ ಆಟಿಕೆ ಸೈನಿಕರನ್ನು ಬ್ರಷ್ಷಿನಿಂದ ಗುಡಿಸಿ, ಕಸದ ಮೊರಕ್ಕೆ ತುಂಬಿ, ಹಿಂದಕ್ಕೆ ಎಸೆಯುತ್ತಿದ್ದಾನೆ. ಅವನು ಕೊಡುವ ಸಲಹೆ ಅದೇ ಒಳಚಡ್ಡಿ, ಅದೇ ಪೆನ್ಸಿಲ್. ಕೊನೆಗೆ ಬ್ಲ್ಯಾಕ್‌ಆ್ಯಡರ್, ಲೆಫ್ಟಿನೆಂಟ್ ಜಾರ್ಜ್, ಸಿಪಾಯಿ ಬಾಲ್ಡ್ರಿಕ್, ಅಲ್ಲಿಯವರೆಗೆ ಕಚೇರಿಯ ಮೇಜು ಬಿಟ್ಟು ಕದಲದಿದ್ದ ಕ್ಯಾಪ್ಟನ್ ಡಾರ್ಲಿಂಗ್, ನಾಲ್ವರೂ ಏಣಿ ಹತ್ತಿ ಗುಂಡಿನ ಮಳೆಗೆ ಓಡುತ್ತಾರೆ. ಚಿತ್ರ ನಿಧಾನವಾಗಿ ಮಸುಕಾಗಿ, ಆ ಜಾಗದಲ್ಲಿ ಕೆಂಪು ಹೂಗಳ ಬಯಲು ಕಾಣುತ್ತದೆ.

ಮೊದಲ ಮಹಾಯುದ್ಧದ ಬಗ್ಗೆ ನಾವು ಶಾಲೆಯಲ್ಲಿ ಓದಿದ್ದು ಒಂದೆರಡು ಪುಟ. ಉಳಿದ ತಿಳಿವಳಿಕೆ ಸಿನಿಮಾ, ಟಿವಿ ಮತ್ತು ಫೋನಿಗೆ ಬರುವ ತುಣುಕುಗಳಿಂದ ಬಂದದ್ದು. ಈ ಸಂಚಿಕೆಯನ್ನು ಮೆಚ್ಚಿದವರಲ್ಲಿ ನಾವೂ ಇದ್ದೇವೆ; ಅದರಿಂದ ಅರೆಬರೆ ಕಲಿತವರಲ್ಲೂ ಇದ್ದೇವೆ. ಆ ಕಂದಕಗಳಲ್ಲಿ ಸತ್ತವರು ನಿಜವಾದ ಮನುಷ್ಯರು. ಅವರಿಗಾಗಿ ಮರುಗುವವರು ಅವರ ಸಂಗತಿಯನ್ನು ಸರಿಯಾಗಿ ತಿಳಿಯಬೇಕು.

ತಪ್ಪು ಕಲ್ಪನೆ: ರೋವನ್ ಅಟ್ಕಿನ್ಸನ್ ಎಂದರೆ ಮಿಸ್ಟರ್ ಬೀನ್; ಮಾತಿಲ್ಲದ ಕೋಡಂಗಿತನವೇ ಅವರ ಕಸುಬು, ಇಂಥ ಗಂಭೀರ ಪಾತ್ರ ಆಮೇಲೆ ಎಂದೋ ಮಾಡಿದ್ದು.

ವಾಸ್ತವ: ಮಿಸ್ಟರ್ ಬೀನ್ ಮೊದಲು ಪ್ರಸಾರವಾದದ್ದು 1990ರ ಜನವರಿ 1ರಂದು, ಅಂದರೆ ಈ ಸಂಚಿಕೆಯಾದ ಎರಡು ತಿಂಗಳಿಗೆ. ಅದಕ್ಕೂ ಮೊದಲೇ ಅಟ್ಕಿನ್ಸನ್ 1983ರಿಂದ ನಾಲ್ಕು ಬ್ಲ್ಯಾಕ್‌ಆ್ಯಡರ್ ಸರಣಿಗಳಲ್ಲಿ, ನಾಲ್ಕು ಬೇರೆ ಬೇರೆ ಶತಮಾನಗಳ ಕಥೆಯಲ್ಲಿ ಮಾತಿನ ಮಲ್ಲನಾಗಿ ನಟಿಸಿದ್ದರು. ಜಾರ್ಜ್ ಪಾತ್ರ ಮಾಡಿದವರು ಮುಂದೆ ‘ಹೌಸ್’ ಧಾರಾವಾಹಿಯ ವೈದ್ಯರಾಗಿ ನಮ್ಮ ಮನೆಗಳಿಗೂ ಬಂದ ಹ್ಯೂ ಲಾರಿ.

ತಪ್ಪು ಕಲ್ಪನೆ: ಆ ಕೊನೆಯ ದೃಶ್ಯವನ್ನು ಲೇಖಕರು ಒಂದೊಂದು ಚೌಕಟ್ಟನ್ನೂ ಯೋಚಿಸಿ, ಹೂವಿನ ಬಯಲಿನ ಸಮೇತ ಮೊದಲೇ ಬರೆದಿಟ್ಟಿದ್ದರು.

ವಾಸ್ತವ: ಲೇಖಕರಾದ ರಿಚರ್ಡ್ ಕರ್ಟಿಸ್ ಮತ್ತು ಬೆನ್ ಎಲ್ಟನ್ ಬರೆದದ್ದು ಇಷ್ಟೇ: ನಾಲ್ವರೂ ಮೇಲೆ ಹತ್ತುತ್ತಾರೆ, ಗುಂಡಿಗೆ ಬೀಳುತ್ತಾರೆ. ಸ್ಟುಡಿಯೊದಲ್ಲಿ ಕಟ್ಟಿದ್ದ ರಣಭೂಮಿ ಪುಟ್ಟದು, ಥರ್ಮೊಕೋಲ್‌ನಂಥ ಹಗುರ ಸಾಮಾನಿನದು. ಮತ್ತೆ ಮತ್ತೆ ಚಿತ್ರೀಕರಿಸಲು ಸಮಯವೂ ಇರಲಿಲ್ಲ. ತೆಗೆದದ್ದನ್ನು ನೋಡಿದಾಗ ತಂಡಕ್ಕೆ ನಿರಾಸೆಯಾಯಿತು. ಓಟ ಕೃತಕವಾಗಿತ್ತು, ಬೀಳುವುದು ಇನ್ನೂ ಕೃತಕವಾಗಿತ್ತು. ನಿರ್ಮಾಪಕ ಜಾನ್ ಲಾಯ್ಡ್ ಮತ್ತು ನಿರ್ದೇಶಕ ರಿಚರ್ಡ್ ಬೋಡನ್ ಅದನ್ನು ಸಂಕಲನದ ಕೋಣೆಯಲ್ಲಿ ಉಳಿಸಿಕೊಂಡರು. ವೇಗ ತಗ್ಗಿಸಿದರು, ಬಣ್ಣ ಇಳಿಸಿದರು, ಹೂಬಯಲಿನ ಚಿತ್ರವೊಂದನ್ನು ಹುಡುಕಿ ತಂದು ಅದರೊಳಗೆ ಕರಗಿಸಿದರು. ಹೊವರ್ಡ್ ಗುಡಾಲ್ ಅವರ ಶೀರ್ಷಿಕೆ ಸಂಗೀತವನ್ನು ಪಿಯಾನೊದಲ್ಲಿ ನಿಧಾನವಾಗಿ ನುಡಿಸಿದರು. ಎಂದಿನಂತೆ ಹೆಸರುಗಳ ಪಟ್ಟಿ ತೋರಿಸಲಿಲ್ಲ. ನಾಲ್ವರು ಸಾಯುವುದನ್ನು ನಾವು ಕಣ್ಣಾರೆ ಕಾಣುವುದೂ ಇಲ್ಲ. ಸತ್ತರೆಂದು ತಿಳಿದುಕೊಳ್ಳುತ್ತೇವೆ, ಅಷ್ಟೆ. ಬರೆದದ್ದಕ್ಕಿಂತ ಈ ಕೊನೆ ದೊಡ್ಡದಾಯಿತು. ಆ ಶ್ರೇಯಸ್ಸಿನಲ್ಲಿ ಸಂಕಲನದ ಮೇಜಿನವರ ಪಾಲು ದೊಡ್ಡದು.

ತಪ್ಪು ಕಲ್ಪನೆ: ಯಾರೋ ಒಬ್ಬ ಹುಡುಗ ಸ್ಯಾಂಡ್‌ವಿಚ್ ತಿನ್ನಲು ನಿಂತಿದ್ದಾಗ ರಾಜಕುಮಾರನ ಕಾರು ಎದುರಿಗೆ ಬಂತು, ಗುಂಡು ಹಾರಿತು, ಮಹಾಯುದ್ಧ ಶುರುವಾಯಿತು.

ವಾಸ್ತವ: ಸಂಚಿಕೆಯಲ್ಲಿ ಬಾಲ್ಡ್ರಿಕ್ ಇದಕ್ಕಿಂತ ಮುಂದೆ ಹೋಗುತ್ತಾನೆ. ಹಸಿದವನೊಬ್ಬ ಉಷ್ಟ್ರಪಕ್ಷಿಗೆ ಗುಂಡು ಹೊಡೆದದ್ದೇ ಯುದ್ಧಕ್ಕೆ ಕಾರಣವೆಂದು ಅವನು ನಂಬಿದ್ದಾನೆ. ಅದು ತಮಾಷೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ. ಸ್ಯಾಂಡ್‌ವಿಚ್ಚಿನ ಕಥೆ ಹಾಗಲ್ಲ, ಅದು ಇತಿಹಾಸದ ವೇಷದಲ್ಲಿ ಓಡಾಡುತ್ತಿದೆ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಅವನ ಹೆಂಡತಿ ಸೋಫಿಯನ್ನು ಕೊಂದ ಗಾವ್ರಿಲೊ ಪ್ರಿನ್ಸಿಪ್, ಆಯುಧ ಸಮೇತ ಬಂದು ದಾರಿಯುದ್ದಕ್ಕೂ ಕಾದಿದ್ದ ಗುಂಪಿನ ಒಬ್ಬ. ಬೆಳಗ್ಗೆ ಅದೇ ಗುಂಪಿನ ಇನ್ನೊಬ್ಬ ಎಸೆದ ಬಾಂಬ್ ಗುರಿ ತಪ್ಪಿತ್ತು. ಯುವರಾಜನ ಕಾರು ಮೊದಲೇ ಪ್ರಕಟವಾಗಿದ್ದ ದಾರಿಗೆ ತಪ್ಪಾಗಿ ತಿರುಗಿ ನಿಂತಾಗ ಪ್ರಿನ್ಸಿಪ್ ಅಲ್ಲೇ ಇದ್ದ. ಪಕ್ಕದಲ್ಲಿ ತಿಂಡಿ ಸಾಮಾನಿನ ಅಂಗಡಿ ಇತ್ತು, ನಿಜ. ಅವನು ಏನಾದರೂ ತಿನ್ನುತ್ತಿದ್ದ ಎನ್ನುವುದಕ್ಕೆ ಅಂದಿನ ಸಾಕ್ಷ್ಯದಲ್ಲಿ ಆಧಾರವಿಲ್ಲ. ಆ ಗುಂಡಿನಿಂದ ಬ್ರಿಟನ್ ಯುದ್ಧಕ್ಕಿಳಿದ ಆಗಸ್ಟ್ 4ರವರೆಗೆ ಐದು ವಾರಗಳಿವೆ. ಅಷ್ಟು ದಿನ ಐದು ರಾಜಧಾನಿಗಳಲ್ಲಿ ಕೂತು ತೀರ್ಮಾನಗಳನ್ನು ತೆಗೆದುಕೊಂಡವರು ಇದ್ದರು. ಯುದ್ಧ ಆಕಸ್ಮಿಕವೆಂದು ಹೇಳಿದರೆ ಅವರ ಹೊಣೆಯೆಲ್ಲ ಒಬ್ಬ ಹುಡುಗನ ಹಸಿವಿನ ಮೇಲೆ ಬೀಳುತ್ತದೆ.

ತಪ್ಪು ಕಲ್ಪನೆ: 1914ರ ಕ್ರಿಸ್‌ಮಸ್ ದಿನ ಇಡೀ ರಣರಂಗ ಶಾಂತವಾಯಿತು, ಎರಡೂ ಕಡೆಯವರು ತಂಡ ಕಟ್ಟಿಕೊಂಡು ಫುಟ್‌ಬಾಲ್ ಪಂದ್ಯ ಆಡಿದರು.

ವಾಸ್ತವ: ಕದನವಿರಾಮ ನಿಜವಾಗಿ ನಡೆಯಿತು. ಬ್ಲ್ಯಾಕ್‌ಆ್ಯಡರ್ ಕೂಡ ಈ ಸಂಚಿಕೆಯಲ್ಲಿ ಆ ಪಂದ್ಯವನ್ನು ನೆನೆದು, ತನ್ನನ್ನು ಆಫ್‌ಸೈಡ್ ಎಂದದ್ದು ಅನ್ಯಾಯವೆಂದು ಇನ್ನೂ ಕೊರಗುತ್ತಾನೆ. ಆದರೆ ವಿರಾಮ ಎಲ್ಲ ಕಡೆಯೂ ಇರಲಿಲ್ಲ. ಬೆಲ್ಜಿಯಂ ಗಡಿಯ ಹಲವು ಭಾಗಗಳಲ್ಲಿ ಸೈನಿಕರು ಎದ್ದುಬಂದು ಕೈಕುಲುಕಿದರು, ಸಿಗರೇಟು, ಗುಂಡಿ, ತಿನಿಸು ಬದಲಾಯಿಸಿಕೊಂಡರು. ಬೇರೆ ಭಾಗಗಳಲ್ಲಿ ಅದೇ ದಿನ ಜನ ಗುಂಡಿಗೆ ಸತ್ತರು. ಚೆಂಡು ಒದ್ದದ್ದಕ್ಕೆ ಪತ್ರಗಳ ಸಾಕ್ಷಿ ಅಲ್ಲಲ್ಲಿ ಇದೆ; ನಿಯಮಬದ್ಧ ಪಂದ್ಯಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಅನೇಕ ಕಡೆ ಆ ಬಿಡುವನ್ನು ಬಳಸಿಕೊಂಡದ್ದು ವಾರಗಟ್ಟಲೆ ನಡುವಿನ ನೆಲದಲ್ಲಿ ಬಿದ್ದಿದ್ದ ಹೆಣಗಳನ್ನು ಮಣ್ಣು ಮಾಡಲಿಕ್ಕೆ. ಪಂದ್ಯದ ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ.

ತಪ್ಪು ಕಲ್ಪನೆ: ಸೈನಿಕರು ವರ್ಷಗಟ್ಟಲೆ ಅದೇ ಕಂದಕದ ಕೆಸರಿನಲ್ಲಿ ಉಪವಾಸ ಕೊಳೆತರು, ಮೇಲೆ ಹತ್ತಿದವರಲ್ಲಿ ಯಾರೂ ಉಳಿಯಲಿಲ್ಲ.

ವಾಸ್ತವ: ಬ್ರಿಟಿಷ್ ಸೇನೆಯಲ್ಲಿ ಪಾಳಿ ಪದ್ಧತಿ ಇತ್ತು. ಒಂದು ಬೆಟಾಲಿಯನ್ ಕೆಲವು ದಿನ ಮುಂದಿನ ಸಾಲಿನಲ್ಲಿ, ಕೆಲವು ದಿನ ಅದರ ಬೆನ್ನಿನ ಸಾಲಿನಲ್ಲಿ, ಆಮೇಲೆ ಹಿಂದಿನ ಹಳ್ಳಿಗಳಲ್ಲಿ ವಿಶ್ರಾಂತಿಗೆ ಮತ್ತು ತರಬೇತಿಗೆ. ಊಟದ ವಿಷಯಕ್ಕೆ ಬಂದರೆ, ಬಾಲ್ಡ್ರಿಕ್ ಕೆಸರು ಕುದಿಸಿ ಕಾಫಿ ಮಾಡುತ್ತಾನೆ. ತಲೆಹೊಟ್ಟೇ ಸಕ್ಕರೆ, ಉಗುಳೇ ಹಾಲು. ನಿಜದ ಸಿಪಾಯಿಗೆ ದಿನಕ್ಕೆ ಸುಮಾರು 4,000 ಕ್ಯಾಲೊರಿಯ ಪಡಿ ಗೊತ್ತುಮಾಡಲಾಗಿತ್ತು: ಡಬ್ಬಿ ಮಾಂಸ, ಕಲ್ಲಿನಂಥ ಬಿಸ್ಕತ್ತು, ಜ್ಯಾಮ್, ಚಹಾ. ನೀರನ್ನು ಪೆಟ್ರೋಲ್ ಡಬ್ಬಿಗಳಲ್ಲಿ ತುಂಬಿ ಹೊತ್ತು ತರುತ್ತಿದ್ದುದರಿಂದ ಚಹಾಕ್ಕೆ ಪೆಟ್ರೋಲ್ ವಾಸನೆ ಅಂಟಿಕೊಂಡೇ ಇರುತ್ತಿತ್ತು. ಊಟ ಬೇಸರ ಹುಟ್ಟಿಸುವಂಥದ್ದು, ಆದರೆ ಉಪವಾಸವಲ್ಲ.

ಸಾವಿನ ಲೆಕ್ಕ ಇನ್ನೂ ಮುಖ್ಯ. ಬ್ರಿಟನ್ನಿನಿಂದ ಸೇನೆಗೆ ಸೇರಿದವರಲ್ಲಿ ನೂರಕ್ಕೆ ಸುಮಾರು 12 ಮಂದಿ ಸತ್ತರು. ಏಳು ಲಕ್ಷಕ್ಕೂ ಮೀರಿದ ಆ ಸಾವುಗಳನ್ನು ಯಾವ ಶೇಕಡಾವಾರೂ ಹಗುರ ಮಾಡುವುದಿಲ್ಲ. ಆದರೂ ಹೋದವರಲ್ಲಿ ಬಹುಪಾಲು ಜನ ಮರಳಿ ಬಂದರು ಎಂಬುದು ಸತ್ಯ. ಅಧಿಕಾರಿಗಳಲ್ಲಿ ಸಾವಿನ ಪ್ರಮಾಣ ಸಿಪಾಯಿಗಳಿಗಿಂತ ಹೆಚ್ಚು, ಏಕೆಂದರೆ ದಾಳಿಯ ಮುಂದೆ ನಡೆಯಬೇಕಾದವರು ಅವರೇ. ಜಾರ್ಜ್‌ನಂಥ ಎಳೆಯ ಲೆಫ್ಟಿನೆಂಟ್ ಉಳಿಯುವ ಸಾಧ್ಯತೆ ಬಾಲ್ಡ್ರಿಕ್‌ಗಿಂತ ಕಡಿಮೆ ಇತ್ತು.

ಹಾಗಾದರೆ ಯಾರೂ ಉಳಿಯಲಿಲ್ಲವೆಂಬ ಭಾವನೆ ಎಲ್ಲಿಂದ ಬಂತು? ಅದಕ್ಕೆ ಉತ್ತರ ಈ ಸಂಚಿಕೆಯಲ್ಲೇ ಇದೆ. ಕೇಂಬ್ರಿಜ್‌ನಿಂದ ಒಟ್ಟಿಗೆ ಸೇನೆಗೆ ಸೇರಿದ ಗೆಳೆಯರ ಹೆಸರುಗಳನ್ನು ಜಾರ್ಜ್ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಹೇಳುತ್ತಿದ್ದಂತೆ, ಉಳಿದವನು ತಾನೊಬ್ಬನೇ ಎಂದು ಅವನಿಗೆ ಹೊಳೆಯುತ್ತದೆ. ಆಗ ನಡೆದದ್ದೂ ಹಾಗೆಯೇ. ಒಂದೇ ಊರಿನ, ಒಂದೇ ಕಾರ್ಖಾನೆಯ, ಒಂದೇ ಕಾಲೇಜಿನ ಹುಡುಗರನ್ನು ಒಂದೇ ಬೆಟಾಲಿಯನ್ನಿಗೆ ಸೇರಿಸಿಕೊಂಡರು. ಲ್ಯಾಂಕಾಶೈರಿನ ಆಕ್ರಿಂಗ್ಟನ್ ಊರಿನ ಹೆಸರು ಹೊತ್ತ ಬೆಟಾಲಿಯನ್ 1916ರ ಜುಲೈ 1ರಂದು ಸೆರ್ ಎಂಬ ಹಳ್ಳಿಯತ್ತ ನುಗ್ಗಿತು. ಸುಮಾರು 700 ಮಂದಿಯಲ್ಲಿ 584 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದು ಬೀದಿಯ ಮನೆಗಳಿಗೆಲ್ಲ ಒಂದೇ ವಾರದಲ್ಲಿ ಸಾವಿನ ಸುದ್ದಿ ಬಂದರೆ ಆ ಬೀದಿಯವರು ಶೇಕಡಾವಾರು ನೋಡುವುದಿಲ್ಲ.

ತಪ್ಪು ಕಲ್ಪನೆ: ಜನರಲ್‌ಗಳೆಲ್ಲ ಈ ಸರಣಿಯ ಜನರಲ್ ಮೆಲ್ಚೆಟ್‌ನಂಥವರು, ಅರಮನೆಯಲ್ಲಿ ಕೂತು, ಅದೇ ಮೂರ್ಖ ಯೋಜನೆಯನ್ನು ನಾಲ್ಕು ವರ್ಷ ಬಿಡದೆ ನಡೆಸಿದರು.

ವಾಸ್ತವ: ಇಲ್ಲಿ ಎರಡು ಮಾತು ಬೇರೆ ಬೇರೆ ನೋಡಬೇಕು.

ಮೊದಲನೆಯದು ಹೇಡಿತನದ ಆರೋಪ. ಯುದ್ಧದಲ್ಲಿ ಹತರಾದ ಅಥವಾ ಗಾಯದಿಂದ ಸತ್ತ ಬ್ರಿಟಿಷ್ ಸೇನೆಯ ಜನರಲ್‌ಗಳ ಸಂಖ್ಯೆ 70ಕ್ಕೂ ಮೀರುತ್ತದೆ. 1915ರ ಲೂಸ್ ಕಾಳಗ ಒಂದರಲ್ಲೇ ಕ್ಯಾಪರ್, ಥೆಸಿಜರ್, ವಿಂಗ್ ಎಂಬ ಮೂವರು ಡಿವಿಷನ್ ಮುಖ್ಯಸ್ಥರು ಸತ್ತರು. ಹಿಂದೆ ಉಳಿದವರು ಹಿಂದೆ ಉಳಿದದ್ದಕ್ಕೂ ಕಾರಣವಿತ್ತು. ಸೈನಿಕ ಹೊತ್ತೊಯ್ಯುವಂಥ ರೇಡಿಯೊ ಆಗ ಇರಲಿಲ್ಲ. ಟೆಲಿಫೋನ್ ತಂತಿಗಳೆಲ್ಲ ಬಂದು ಸೇರುವ ಜಾಗದಲ್ಲಿ ಇದ್ದರೆ ಮಾತ್ರ ಜನರಲ್‌ಗೆ ಇಡೀ ರಂಗದ ಸುದ್ದಿ ಸಿಗುತ್ತಿತ್ತು. ಕಂದಕಕ್ಕೆ ಬಂದರೆ ಎದುರಿನ ನೂರು ಗಜ ಕಾಣುತ್ತಿತ್ತು. ದಾಳಿ ಶುರುವಾದ ಮೇಲೆ ಫಿರಂಗಿ ಗುಂಡಿಗೆ ತಂತಿ ತುಂಡಾದರೆ ಅವನಿಗೂ ಏನೂ ಕಾಣದು, ಕಂದಕದವನಿಗೂ ದಿಕ್ಕಿಲ್ಲ.

ಎರಡನೆಯದು ಮೂರ್ಖತನದ ಆರೋಪ. 1916ರ ಜುಲೈ 1ರಂದು, ಸೋಮ್ ಕಾಳಗದ ಮೊದಲ ದಿನ, ಬ್ರಿಟಿಷ್ ಕಡೆಯ ಸಾವು ನೋವು 57,470. ಅದರಲ್ಲಿ ಸತ್ತವರೇ 19,240. ಅದನ್ನು ಯಾವ ವಾದವೂ ಮುಚ್ಚಲಾರದು. ಒಂದು ವಾರ ಹದಿನೈದು ಲಕ್ಷಕ್ಕೂ ಹೆಚ್ಚು ಗುಂಡು ಸುರಿದರೂ ಮುಳ್ಳುತಂತಿ ಅನೇಕ ಕಡೆ ಹಾಗೇ ಉಳಿದಿತ್ತು. ಗುಂಡುಗಳಲ್ಲಿ ಎಷ್ಟೋ ಸಿಡಿಯಲೇ ಇಲ್ಲ. ಸಿಡಿದವುಗಳಲ್ಲಿ ಬಹಳಷ್ಟು ಗಾಳಿಯಲ್ಲಿ ಒಡೆದು ಸಣ್ಣ ಗೋಲಿಗಳನ್ನು ಚೆಲ್ಲುವ ಬಗೆಯವು. ಅವು ಮನುಷ್ಯನನ್ನು ಕೊಲ್ಲುತ್ತವೆ, ತಂತಿಯನ್ನು ಸರಿಯಾಗಿ ಕತ್ತರಿಸುವುದಿಲ್ಲ. ಆದರೆ ಅಲ್ಲಿಂದ ಸೇನೆ ಕಲಿಯಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ಟ್ಯಾಂಕ್‌ಗಳು ಮೊದಲ ಬಾರಿಗೆ ರಣರಂಗಕ್ಕೆ ಇಳಿದವು. 1917ರಲ್ಲಿ 106 ಎಂಬ ಸಂಖ್ಯೆಯ ಹೊಸ ಫ್ಯೂಸ್ ಬಳಕೆಗೆ ಬಂತು. ತಂತಿಗೆ ತಾಗಿದ ಕೂಡಲೇ ಸಿಡಿದು, ನೆಲದಲ್ಲಿ ದೊಡ್ಡ ಗುಂಡಿ ಮಾಡದೆ ತಂತಿಯನ್ನು ಹರಿದುಹಾಕುತ್ತಿತ್ತು. ಸೈನಿಕರ ಮುಂದೆ ಹೆಜ್ಜೆ ಹೆಜ್ಜೆಗೆ ಸರಿಯುವ ಫಿರಂಗಿ ದಾಳಿಯ ಕ್ರಮವೂ ಪಳಗಿತು. 1918ರ ಆಗಸ್ಟ್ 8ರಂದು ಆಮಿಯಾಂ ಬಳಿ ಹೊರಟ ಸೇನೆ ಸೋಮ್‌ನಲ್ಲಿ ಬಿದ್ದ ಸೇನೆಯಂತಿರಲಿಲ್ಲ. ನೂರು ದಿನ ತುಂಬುವ ಮೊದಲೇ ಯುದ್ಧ ಮುಗಿಯಿತು.

ಕಲಿಕೆಗೆ ತೆತ್ತ ಬೆಲೆ ಅತಿಯಾಯಿತೆ? ಆಯಿತು ಎಂದೇ ನಮ್ಮ ಅನಿಸಿಕೆ. 1917ರ ಪ್ಯಾಶೆಂಡೇಲ್ ಕಾಳಗವನ್ನು ಮಳೆ ಹಿಡಿದ ಮೇಲೂ ನವೆಂಬರ್‌ವರೆಗೆ ಎಳೆದದ್ದಕ್ಕೆ ಹೇಗ್ ಉತ್ತರ ಕೊಡಬೇಕಾದ್ದು ಇದ್ದೇ ಇದೆ. ಆದರೆ ಆಟಿಕೆ ಗುಡಿಸುವ ಹೇಗ್ ಚಿತ್ರ ಯುದ್ಧಕಾಲದ್ದಲ್ಲ. 1928ರ ಜನವರಿಯಲ್ಲಿ ಹೇಗ್ ತೀರಿಕೊಂಡಾಗ ಬೀದಿಗಳಲ್ಲಿ ನಿಂತು ವಿದಾಯ ಹೇಳಿದ ಜನಸಾಗರದಲ್ಲಿ ಅವರ ಕೈಕೆಳಗೆ ಹೋರಾಡಿದ ಮಾಜಿ ಸೈನಿಕರೇ ದೊಡ್ಡ ಸಂಖ್ಯೆಯಲ್ಲಿದ್ದರು. ಅವರ ಹೆಸರು ಕೆಟ್ಟದ್ದು 1930ರ ದಶಕದಲ್ಲಿ, ಯುದ್ಧಕಾಲದ ಪ್ರಧಾನಿ ಲಾಯ್ಡ್ ಜಾರ್ಜ್ ತಮ್ಮ ನೆನಪುಗಳನ್ನು ಪ್ರಕಟಿಸಿದ ಮೇಲೆ. ಕತ್ತೆಗಳು ಸಿಂಹಗಳನ್ನು ನಡೆಸಿದವು ಎಂಬ ಮಾತನ್ನು ಮನೆಮಾತು ಮಾಡಿದ್ದು ಆ್ಯಲನ್ ಕ್ಲಾರ್ಕ್ 1961ರಲ್ಲಿ ಬರೆದ ಪುಸ್ತಕ. ಅದನ್ನು ಜರ್ಮನ್ ಸೇನಾನಿಗಳು ಆಡಿಕೊಂಡರೆಂಬುದಕ್ಕೆ ಆಧಾರ ಸಿಕ್ಕಿಲ್ಲ.

ತಪ್ಪು ಕಲ್ಪನೆ: ಮನಸ್ಸು ಕೆಟ್ಟ ಸೈನಿಕನನ್ನು ಕಂಡಲ್ಲೇ ಗುಂಡಿಟ್ಟು ಕೊಲ್ಲುತ್ತಿದ್ದರು, ಚಿಕಿತ್ಸೆ ಎಂಬುದೇ ಇರಲಿಲ್ಲ.

ವಾಸ್ತವ: ಹುಚ್ಚು ನಟಿಸಿದ ಇಡೀ ಪ್ಲಟೂನನ್ನೇ ಗುಂಡಿಟ್ಟು ಕೊಂದೆನೆಂದು ಮೆಲ್ಚೆಟ್ ಹೇಳಿಕೊಳ್ಳುತ್ತಾನೆ. ಯಾವ ಜನರಲ್‌ಗೂ ಹಾಗೆ ಮಾಡುವ ಅಧಿಕಾರ ಇರಲಿಲ್ಲ. ಕೋರ್ಟ್ ಮಾರ್ಷಲ್ ನಡೆಯಬೇಕು. ಮರಣದಂಡನೆಯಾದರೆ ಕಾಗದ ಒಂದೊಂದೇ ಮೆಟ್ಟಿಲು ಹತ್ತಿ ಮಹಾಸೇನಾಪತಿಯ ಸಹಿಗೆ ಹೋಗಬೇಕು. ಸುಮಾರು 3,000 ಮರಣದಂಡನೆಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಹೀಗೆ ಇಳಿಸಲಾಯಿತು.

ಉಳಿದ ಒಂದು? ಅದರಲ್ಲಿ ನಮ್ಮ ಮನಸ್ಸು ಕಲಕುವ ಪ್ರಕರಣಗಳಿವೆ. ಗಡಿಬಿಡಿಯ ವಿಚಾರಣೆ, ಪರವಾಗಿ ಮಾತಾಡಲು ತಿಳಿದವರಿಲ್ಲ, ಆಘಾತಕ್ಕೊಳಗಾದವನೆಂಬ ಮಾತಿಗೆ ಕಿವಿಗೊಟ್ಟವರಿಲ್ಲ. ಪಲಾಯನ, ಹೇಡಿತನದಂಥ ಆರೋಪಗಳಿಗೆ ಗುಂಡಿಗೆ ಗುರಿಯಾದ 306 ಮಂದಿಗೆ ಬ್ರಿಟಿಷ್ ಸರ್ಕಾರ 2006ರಲ್ಲಿ ಕ್ಷಮೆ ಕೊಟ್ಟಿತು. ತೊಂಬತ್ತು ವರ್ಷ ತಡವಾಗಿ.

ಚಿಕಿತ್ಸೆಯೂ ಇತ್ತು, ಎಲ್ಲರಿಗೂ ಅಲ್ಲ. ಗುಂಡಿನ ಆಘಾತದ ಬಗ್ಗೆ ಚಾರ್ಲ್ಸ್ ಮೈಯರ್ಸ್ ಬರೆದ ಲೇಖನ 1915ರಲ್ಲೇ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದಿತ್ತು. ಎಡಿನ್‌ಬರೊ ಬಳಿಯ ಕ್ರೇಗ್ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅಧಿಕಾರಿಗಳನ್ನು ಮಾತಿನ ಮೂಲಕವೇ ಗುಣಪಡಿಸಲು ನೋಡಿದ ವೈದ್ಯರು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ತೊದವ ಬುಡಕಟ್ಟಿನವರ ನಡುವೆ ಅಧ್ಯಯನ ಮಾಡಿ 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥ ಬರೆದವರೂ ಇವರೇ. ಇಂಥ ಆರೈಕೆ ಸಾಮಾನ್ಯ ಸಿಪಾಯಿಗೆ ಸಿಗುವುದು ಅಪರೂಪ. ಬಾಲ್ಡ್ರಿಕ್‌ಗೆ ಅಂಥ ಆಘಾತವಾಗಿದ್ದರೆ ಅವನ ಪಾಡು ಬೇರೆ ಇರುತ್ತಿತ್ತು.

ತಪ್ಪು ಕಲ್ಪನೆ: ಅದು ಬಿಳಿಯರ ಜಗಳ, ಆ ಕಂದಕಗಳಿಗೂ ನಮಗೂ ಸಂಬಂಧವಿಲ್ಲ.

ವಾಸ್ತವ: ಆರು ಸಂಚಿಕೆಗಳಲ್ಲಿ ಒಬ್ಬ ಭಾರತೀಯ ಸೈನಿಕನೂ ಪರದೆಗೆ ಬರುವುದಿಲ್ಲ. ನಿಜದ ಫ್ಲ್ಯಾಂಡರ್ಸ್‌ನಲ್ಲಿ, ಅಂದರೆ ಬೆಲ್ಜಿಯಂ ಕಡೆಯ ಆ ರಣರಂಗದಲ್ಲಿ, ಅವರಿದ್ದರು. 1914ರ ಸೆಪ್ಟೆಂಬರ್ ಕೊನೆಗೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಪಡೆಗಳು ಅಕ್ಟೋಬರ್‌ನಲ್ಲೇ ಈಪ್ರ್ ಬಳಿ ಹೋರಾಡಿದವು. ಅಕ್ಟೋಬರ್ 31ರಂದು ತೋರಿದ ಶೌರ್ಯಕ್ಕೆ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದರು. ಆ ಪದಕ ಪಡೆದ ಮೊದಲ ಭಾರತೀಯ ಸೈನಿಕ ಅವರೇ. 1915ರ ಮಾರ್ಚಿನಲ್ಲಿ ನವ್ ಶಪೆಲ್ ಕಾಳಗದಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದರು. ಗೋರಿ ಸಿಗದ 4,700ಕ್ಕೂ ಹೆಚ್ಚು ಮಂದಿಯ ಹೆಸರು ಇಂದು ಆ ಊರಿನ ಸ್ಮಾರಕದ ಮೇಲಿದೆ. ಕಾಲಾಳುಗಳನ್ನು 1915ರ ಕೊನೆಗೆ ಮೆಸೊಪೊಟೇಮಿಯಕ್ಕೆ ಕಳಿಸಿದರೂ ಭಾರತದ ಅಶ್ವದಳಗಳು ಫ್ರಾನ್ಸ್‌ನಲ್ಲೇ ಉಳಿದವು. ಅಂದರೆ ಬ್ಲ್ಯಾಕ್‌ಆ್ಯಡರ್ ಕಥೆ ನಡೆಯುವ 1917ರಲ್ಲೂ ಅಲ್ಲಿದ್ದವು. ಯುದ್ಧದಲ್ಲಿ ಒಟ್ಟು ಸುಮಾರು 13 ಲಕ್ಷ ಭಾರತೀಯರು ಸೇವೆ ಸಲ್ಲಿಸಿದರು, ಸುಮಾರು 74,000 ಮಂದಿ ಸತ್ತರು.

ಮೈಸೂರಿನ ಪಾಲು ಬೇರೆ ರಂಗದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಕಥೆ ನಮ್ಮಲ್ಲಿ ಕೆಲವೊಮ್ಮೆ ಮೈಸೂರಿನವರೊಬ್ಬರದೇ ಸಾಹಸ ಎಂಬಂತೆ ಹಬ್ಬುತ್ತದೆ. ಅದೂ ಸರಿಯಲ್ಲ. ನಗರಕ್ಕೆ ನುಗ್ಗಿದ ಮುಖ್ಯ ದಾಳಿ ಜೋಧಪುರ ಲ್ಯಾನ್ಸರ್ಸ್‌ನದು. ಕಾರ್ಮೆಲ್ ಬೆಟ್ಟದ ಕಲ್ಲುದಾರಿ ಏರಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಿದವರಲ್ಲಿ ಮೈಸೂರಿನ ಸವಾರರಿದ್ದರು. ಅದಿಲ್ಲದೆ ಕೆಳಗಿನ ದಾಳಿ ಸಾಗುವುದು ಕಷ್ಟವಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಅಶ್ವದಳಗಳವು. ಬೆಂಗಳೂರಿನ ಜೆ. ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಇಂಗ್ಲೆಂಡಿನ ಕಾಲ್ಪನಿಕ ಕ್ಯಾಪ್ಟನ್ನಿಗಾಗಿ ಕಣ್ಣು ಒದ್ದೆ ಮಾಡಿಕೊಳ್ಳುವ ನಾವು ಅಲ್ಲಿಗೂ ಒಮ್ಮೆ ಹೋಗಿ ಬರಬೇಕು.

ತಪ್ಪು ಕಲ್ಪನೆ: ಕೊನೆಯಲ್ಲಿ ಕಾಣುವುದು ನಮ್ಮ ಪಾಯಸದ ಗಸಗಸೆ ಹೂವು, ಅಫೀಮಿನ ಗಿಡ, ರಕ್ತ ಬಿದ್ದ ನೆಲದಲ್ಲಿ ಮಾತ್ರ ಅದು ಅಷ್ಟು ಕೆಂಪಾಗಿ ಅರಳುತ್ತದೆ.

ವಾಸ್ತವ: ಅದು ಗಸಗಸೆಯ ಕುಲದ್ದೇ, ಆದರೆ ಬೇರೆ ಜಾತಿ. ಪಾಯಸದ ಗಸಗಸೆಯೂ ಅಫೀಮೂ ಬರುವುದು ಪಪಾವರ್ ಸೋಮ್ನಿಫೆರಮ್ ಎಂಬ ಗಿಡದಿಂದ. ಫ್ಲ್ಯಾಂಡರ್ಸ್‌ನ ಹೂವು ಪಪಾವರ್ ರೋಯಸ್, ಯುರೋಪಿನ ಗೋಧಿ ಹೊಲಗಳ ಕಳೆ. ಇದರ ಬೀಜ ವರ್ಷಾನುಗಟ್ಟಲೆ ಮಣ್ಣಿನೊಳಗೆ ಮಲಗಿರಬಲ್ಲದು. ನೆಲ ಕದಡಿ ಬೆಳಕು ತಾಗಿದರೆ ಮೊಳೆಯುತ್ತದೆ. ಉಳುಮೆಯಿಂದಲೂ ಆಗುತ್ತದೆ, ಫಿರಂಗಿ ಗುಂಡಿನಿಂದಲೂ ಆಗುತ್ತದೆ. ಬಣ್ಣಕ್ಕೂ ರಕ್ತಕ್ಕೂ ನಂಟಿಲ್ಲ. ಗೆಳೆಯರನ್ನು ಹೂತ ಜಾಗದಲ್ಲೇ ಮರುವರ್ಷ ಕೆಂಪು ಹೂ ಎದ್ದುದನ್ನು ಕಂಡವರು ಹಾಗೆ ನಂಬಿದ್ದರೆ ಅವರನ್ನು ಆಡಿಕೊಳ್ಳುವ ಮನಸ್ಸು ನಮಗಿಲ್ಲ.

ತಪ್ಪು ಕಲ್ಪನೆ: ಇಂಥ ಯುದ್ಧವನ್ನು ಹಾಸ್ಯ ಧಾರಾವಾಹಿ ಮಾಡಿದ್ದೇ ಸತ್ತವರಿಗೆ ಅವಮಾನ, ಅದನ್ನು ಮಕ್ಕಳಿಗೆ ತೋರಿಸಲೇಬಾರದು.

ವಾಸ್ತವ: 2014ರ ಜನವರಿಯಲ್ಲಿ ಬ್ರಿಟನ್ನಿನ ಅಂದಿನ ಶಿಕ್ಷಣ ಸಚಿವ ಮೈಕಲ್ ಗೋವ್ ಪತ್ರಿಕೆಯೊಂದರಲ್ಲಿ ಬರೆದು, ಈ ಸರಣಿಯಂಥವು ಯುದ್ಧದ ತಪ್ಪು ಚಿತ್ರ ಕೊಡುತ್ತಿವೆ ಎಂದು ಆಕ್ಷೇಪಿಸಿದರು. ಬಾಲ್ಡ್ರಿಕ್ ಪಾತ್ರಧಾರಿ ಟೋನಿ ರಾಬಿನ್ಸನ್ ಶಿಕ್ಷಕರ ಪರ ನಿಂತು ಉತ್ತರಿಸಿದರು. ಸಚಿವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮೇಲೆ ಹೇಳಿದ್ದೆಲ್ಲ ಅದಕ್ಕೇ. ಆದರೆ ಸಂಚಿಕೆಯನ್ನು ಮುಚ್ಚಿಡುವುದು ಪರಿಹಾರವಲ್ಲ. ಜಾರ್ಜ್ ತನಗೆ ಹೆದರಿಕೆಯಾಗುತ್ತಿದೆ ಎಂದು ಒಪ್ಪಿಕೊಳ್ಳುವ ಗಳಿಗೆಯನ್ನು ಮಕ್ಕಳು ನೋಡಲಿ. ಆಮೇಲೆ ಶಿಕ್ಷಕರು ಲೂಸ್‌ನ ಮೂವರು ಜನರಲ್‌ಗಳ ಬಗ್ಗೆಯೂ ನವ್ ಶಪೆಲ್ ಬಗ್ಗೆಯೂ ಹೇಳಲಿ.

ಇನ್ನು ಅವಮಾನದ ಮಾತು. ಆ ಯುದ್ಧದ ಬಗ್ಗೆ ನಗಲು ಕಲಿಸಿದವರು ಟಿವಿಯವರಲ್ಲ. 1916ರ ಆರಂಭದಲ್ಲಿ ಕ್ಯಾಪ್ಟನ್ ಫ್ರೆಡ್ ರಾಬರ್ಟ್ಸ್ ಮತ್ತು ಲೆಫ್ಟಿನೆಂಟ್ ಜ್ಯಾಕ್ ಪಿಯರ್ಸನ್, ಪಾಳುಬಿದ್ದ ಈಪ್ರ್ ನಗರದಲ್ಲಿ ಸಿಕ್ಕ ಅಚ್ಚಿನ ಯಂತ್ರದಲ್ಲಿ ‘ವೈಪರ್ಸ್ ಟೈಮ್ಸ್’ ಎಂಬ ಪತ್ರಿಕೆ ಮುದ್ರಿಸಿದರು. ಜರ್ಮನ್ನರ ವಿಷಾನಿಲ, ಮೇಲಧಿಕಾರಿಗಳ ಅತಿ ಭರವಸೆ, ಕೆಸರು, ಇಲಿ, ಊರಲ್ಲಿ ಕೂತು ಯುದ್ಧತಜ್ಞರಾದವರು, ಎಲ್ಲವೂ ಅದರ ಹಾಸ್ಯಕ್ಕೆ ವಸ್ತು. ಬರೆದವರೂ ಓದಿದವರೂ ಮರುದಿನ ಏಣಿ ಹತ್ತಬೇಕಾದವರೇ. ಸಂಪಾದಕರಿಬ್ಬರಿಗೂ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಸಿಕ್ಕಿತು. ಪಡೆ ಜಾಗ ಬದಲಿಸಿದಂತೆಲ್ಲ ಪತ್ರಿಕೆಯ ಹೆಸರೂ ಬದಲಾಗುತ್ತಾ ಹೋಯಿತು. 1918ರ ಕೊನೆಯಲ್ಲಿ ಬಂದ ಅಂತಿಮ ಸಂಚಿಕೆಗಳಿಗೆ ಅವರು ಇಟ್ಟ ಹೆಸರು ‘ಬೆಟರ್ ಟೈಮ್ಸ್’.